ಮೂವತ್ತೊಂದನೇ ಪೆಟ್ಟಿಗೆಯ ಬಾವಿ

ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದು, ಅಂಟು ಹಚ್ಚಿ, ರಟ್ಟು ಹಾಕಿ ಬದುಕಿದವಳು ಅಕ್ಕ. ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ವಯಸ್ಸಿನಲ್ಲಿ ದೊಡ್ಡವನಾದ ಮಾಲೀಕನೂ ಹಾಗೇ ಕರೆಯುತ್ತಿದ್ದ. ಅಂಗಡಿ ಬಾಗಿಲು ಹಾಕಿದಾಗ ಅವಳಿಗೆ ನಲವತ್ತಾರು. ಕೈಕಟ್ಟಿ ಕೂತು ಗೊತ್ತಿಲ್ಲದವಳು ಮನೆಯಲ್ಲಿದ್ದ ಹಳೇ ಪಠ್ಯಪುಸ್ತಕಗಳಿಗೆಲ್ಲ ರಟ್ಟು ಹಾಕಿ ಮುಗಿಸಿದಳು. ಇನ್ನು ಗೋಡೆಗೂ ಹಾಕಿಬಿಡುತ್ತಾಳೆ ಎಂದು ತಮ್ಮ ನಗಾಡುತ್ತಿದ್ದ. ಆ ತಮ್ಮನೇ ಒಂದು ದಿನ ಪತ್ರಿಕೆಯ ಜಾಹೀರಾತು ಹರಿದು ತಂದ. ಸಂಶೋಧನಾ ಸಂಸ್ಥೆಯೊಂದಕ್ಕೆ ತನ್ನಲ್ಲಿ ದುಡಿದು ತೀರಿಹೋದ ವಿಜ್ಞಾನಿಗಳ ಕಾಗದಪತ್ರಗಳನ್ನು ಕಾಪಾಡಿ, ಕಂಪ್ಯೂಟರಿಗೆ ಸೇರಿಸಲು ಮೂವರು ದಾಖಲೆಪಾಲಕರು ಬೇಕಾಗಿದ್ದರು.

ಸಂದರ್ಶನದ ಕೋಣೆಯಲ್ಲಿ ಡಿಗ್ರಿಯವರೇ ತುಂಬಿದ್ದರು. ವಿಭಾಗದ ಮುಖ್ಯಸ್ಥೆ, ಮೂವತ್ತು ದಾಟಿದ ಚುರುಕು ಹೆಂಗಸು, ಒದ್ದೆಯಾಗಿ ಒಣಗಿ ಇಟ್ಟಿಗೆಯಂತಾಗಿದ್ದ ಕಾಗದದ ಕಟ್ಟೊಂದನ್ನು ಮೇಜಿನ ಮೇಲಿಟ್ಟು, "ಇದನ್ನ ಏನು ಮಾಡ್ತೀರಿ?" ಎಂದು ಕೇಳಿದಳು. ಉಳಿದವರು ಬಾಯಿಪಾಠ ಒಪ್ಪಿಸಿದರು. ಅಕ್ಕ ಮಾತ್ರ ಅದನ್ನು ಮೂಸಿ, ಅಂಚನ್ನು ಉಗುರಿನಿಂದ ಮುಟ್ಟಿ, "ಇವತ್ತು ಏನೂ ಮಾಡಲ್ಲ ಮೇಡಂ. ಅವಸರ ಮಾಡಿದ್ರೆ ಚೂರಾಗತ್ತೆ. ತೇವ ಹತ್ತಿಸಿ ಎರಡು ದಿನ ಬಿಡಬೇಕು" ಎಂದಳು. ಕೆಲಸ ಸಿಕ್ಕಿತು.

ಮೊದಲು ಬಂದದ್ದು ಒಬ್ಬ ರಸಾಯನಶಾಸ್ತ್ರಜ್ಞರ ಅರವತ್ತೆರಡು ಪೆಟ್ಟಿಗೆ. ತುಕ್ಕು ಹಿಡಿದ ಪಿನ್ನು ಕೀಳುವುದು, ಧೂಳು ಒರೆಸುವುದು, ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕುವುದು, ಕ್ಯಾಮೆರಾ ಕೆಳಗೆ ಹಾಸಿ ಚಿತ್ರ ತೆಗೆಯುವುದು, ಇದ್ದ ಕ್ರಮದಲ್ಲೇ ಮತ್ತೆ ಹೊಸ ಪೆಟ್ಟಿಗೆಗೆ ಇಡುವುದು. ಕ್ರಮ ತಪ್ಪಕೂಡದು, ಒಂದು ಚೀಟಿಯೂ ಕಳೆಯಕೂಡದು. "ನೋಡಿ, ಆದ್ರೆ ಓದೋಕೆ ಕೂರಬೇಡಿ. ಓದ್ತಾ ಕೂತ್ರೆ ನಾನೂ ನೀವೂ ಇದೇ ಪೆಟ್ಟಿಗೆ ಪಕ್ಕದಲ್ಲೇ ನಿವೃತ್ತಿ ಆಗ್ತೀವಿ" ಎಂದು ಮುಖ್ಯಸ್ಥೆ ಹೇಳಿದ್ದಳು. ಅಕ್ಕನಿಗೂ ಅದರಲ್ಲಿ ಓದುವಂಥದ್ದೇನೂ ಕಂಡಿರಲಿಲ್ಲ.

ಐದನೇ ತಿಂಗಳಲ್ಲಿ ಮೂವತ್ತೊಂದನೇ ಪೆಟ್ಟಿಗೆ ತೆರೆದಳು. ಮೇಲೆಯೇ ಒಂದು ನೀಲಿ ರಟ್ಟಿನ ನೋಟ್‌ಬುಕ್ಕು. ಒಳಗೆ ಊರಿನ ಹನ್ನೊಂದು ಓಣಿಗಳ ಬಾವಿ ನೀರಿನ ಪರೀಕ್ಷೆ. ಸಂಖ್ಯೆ ಹಾಕುತ್ತಾ ಪುಟ ತಿರುಗಿಸುತ್ತಿದ್ದ ಕೈ ಇದ್ದಕ್ಕಿದ್ದಂತೆ ನಿಂತಿತು. ಗಾಜಿನ ಕಾರ್ಖಾನೆಯ ಹಿಂದಿನ ಓಣಿ, ಮೂರನೇ ಬಾವಿ. ಅವಳು ಹುಟ್ಟಿ ಬೆಳೆದ ಓಣಿ, ಮನೆಯ ಮುಂದಿನ ಬಾವಿ.

"ಫ್ಲೋರೈಡ್ ಒಂದೂವರೆ ದಾಟಬಾರದು. ಇಲ್ಲಿ ಆರು ಪಾಯಿಂಟ್ ಎಂಟು. ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲು, ಮೂಳೆಗೆ ಹಾನಿ ಖಂಡಿತ. ಕೂಡಲೇ ತಿಳಿಸಬೇಕು."

ಅವಳ ನಾಲಿಗೆ ತಾನಾಗಿಯೇ ಹಲ್ಲುಗಳ ಮೇಲೆ ಹರಿದಾಡಿತು. ಕಂದು ಕಲೆಯ ಹಲ್ಲು. ಜೀವಮಾನವೆಲ್ಲ ಕೈ ಅಡ್ಡ ಹಿಡಿದೇ ನಕ್ಕವಳು ಅವಳು. ದಿನಾಂಕ ನೋಡಿದಳು, ಬೆರಳು ಮಡಿಚಿ ಎಣಿಸಿದಳು. ಆಗ ಅವಳಿಗೆ ನಾಲ್ಕು ವರ್ಷ. ತಮ್ಮನಿಗೆ ಹನ್ನೊಂದು ತಿಂಗಳು, ಇನ್ನೂ ಹೆಜ್ಜೆ ಇಟ್ಟಿರಲಿಲ್ಲ. ಅವನ ಕಾಲು ಮಂಡಿಯಲ್ಲಿ ಒಳಕ್ಕೆ ಬಾಗತೊಡಗಿದ್ದು ಆರನೇ ವರ್ಷದಲ್ಲಿ. ಇವತ್ತಿಗೂ ಅವನು ನಡೆಯುವುದು ಊರುಗೋಲಿನ ಮೇಲೆ, ಬೀಗ ರಿಪೇರಿಗೆ ಓಡಾಡುವುದು ಮೂರು ಚಕ್ರದ ಗಾಡಿಯಲ್ಲಿ.

ಗೊತ್ತಿತ್ತೇ? ಇವರಿಗೆ ಗೊತ್ತಿತ್ತೇ? ಸಿಟ್ಟಿನಲ್ಲಿ ಮುಂದಿನ ಹಾಳೆ ಎತ್ತಿದಳು. ಅದು ಓಣಿಯವರು ವಿಜ್ಞಾನಿಗೆ ಬರೆದ ಉತ್ತರ.

"ಈ ಬಾವಿಯನ್ನು ನಾವೇ ಎರಡು ಬೇಸಿಗೆ ಅಗೆದು ನೀರು ಕಂಡಿದ್ದೇವೆ. ಮುಚ್ಚಿದರೆ ನಮಗೆ ಬೇರೆ ಗತಿಯಿಲ್ಲ. ಜನ ಹೆದರುತ್ತಾರೆ. ದಯವಿಟ್ಟು ಈ ವಿಷಯ ಹೊರಗೆ ಬಿಡಬೇಡಿ." ಕೆಳಗೆ ನಾಲ್ಕು ಸಹಿ. ಮೊದಲನೆಯದು ಅಪ್ಪನದು. ಪತ್ರದ ಅಕ್ಷರವೂ ಅಪ್ಪನದೇ. ಅಂಚಿನಲ್ಲಿ ವಿಜ್ಞಾನಿಯ ಕೈಬರಹ: "ಓಣಿಯವರ ಇಚ್ಛೆಯಂತೆ. ಮುಂದಿನ ವರ್ಷ ಮತ್ತೆ ನೋಡುವುದು." ಮತ್ತೆ ನೋಡಿದ ಗುರುತು ಎಲ್ಲೂ ಇರಲಿಲ್ಲ.

ಅಪ್ಪ ತೀರಿಹೋಗಿ ಒಂಬತ್ತು ವರ್ಷ. ಅಕ್ಕನಿಗೆ ಸುಟ್ಟಂತಾದದ್ದು ನೀರಿನ ಮಾತಿಗಲ್ಲ. ತಮ್ಮನ ಕಾಲು ಬಾಗಿದಾಗ ಅಜ್ಜಿ ಬೊಟ್ಟು ಮಾಡಿದ್ದು ಅಮ್ಮನ ಕಡೆಗೆ. "ಅವಳ ತವರಿನ ರಕ್ತವೇ ಸರಿ ಇಲ್ಲ" ಎಂದು ಬಂದವರೆದುರೆಲ್ಲ ಆಡಿದ್ದಳು. ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು, ಮೂರನೇ ಮಗು ಬೇಡವೆಂದು ಹಟ ಹಿಡಿದಿದ್ದಳು. ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದ ಅಪ್ಪ ಒಂದು ದಿನವೂ ತುಟಿ ಎರಡು ಮಾಡಲಿಲ್ಲ.

ಆ ದಿನ ಅವಳು ಮಾಡಬಾರದ್ದನ್ನು ಮಾಡಿದಳು. ಪತ್ರವನ್ನು ತನ್ನ ಮೇಜಿನ ಖಾನೆಗೆ ಸೇರಿಸಿ ಬೀಗ ಹಾಕಿ ಮನೆಗೆ ಹೋದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಪತ್ರವನ್ನು ಮುಖ್ಯಸ್ಥೆಯ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮುಖ್ಯಸ್ಥೆ ಅದನ್ನು ಎರಡು ಸಲ ಓದಿದಳು. "ನಿಮ್ಮ ತಂದೆ ಹೆಸರು ಮಾತ್ರ ಅಲ್ಲ ಅಕ್ಕ, ಇದರಲ್ಲಿ ನಮ್ಮ ಸಂಸ್ಥೆ ಮಾನವೂ ಹೋಗತ್ತೆ," ಎಂದು ಪತ್ರವನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಆದ್ರೆ ಮುಚ್ಚಿಡೋಕೆ ಅಂತ ನಮ್ಮನ್ನ ಕೆಲಸಕ್ಕೆ ತಗೊಂಡಿಲ್ಲ. ನಿಮ್ಮ ಕೈಲಿ ಆಗದಿದ್ರೆ ನಾನೇ ಚಿತ್ರ ತೆಗೀತೀನಿ" ಎಂದಳು.

"ಬೇಡ, ನಾನೇ ತೆಗೀತೀನಿ," ಎಂದಳು ಅಕ್ಕ. ಎರಡು ದೀಪಗಳ ನಡುವೆ ಅಪ್ಪನ ಸಹಿ ಹಾಸಿ ಗುಂಡಿ ಒತ್ತಿದಳು. ಮೊದಲ ಚಿತ್ರ ಮಸುಕಾಯಿತು. ಎರಡನೆಯದು ಸರಿಯಾಗಿ ಬಂತು.

ತಮ್ಮನಿಗೆ ಹೇಳಿದ್ದು ಅವನ ಅಂಗಡಿಯಲ್ಲಿ. ಅವನು ಬೀಗದೊಳಗಿನ ಸ್ಪ್ರಿಂಗು ಕೂರಿಸುತ್ತಲೇ ಕೇಳಿದ. ಸ್ಪ್ರಿಂಗು ಚಿಮ್ಮಿ ಎಲ್ಲೋ ಬಿತ್ತು. ಅವನು ಹುಡುಕಲಿಲ್ಲ.

"ಇದನ್ನ ಯಾಕೆ ನನ್ನ ಮುಂದೆ ತಂದೆ? ನಲವತ್ತೆರಡು ವರ್ಷ ಸುಮ್ನಿತ್ತಲ್ಲ, ಇನ್ನೂ ಇರ್ತಿತ್ತು."

"ಅಮ್ಮನ ತಲೆ ಮೇಲೆ ಹೊರಿಸಿದ್ದು?"

"ಅಮ್ಮನಿಗೆ ಹೇಳಬೇಡ. ಅಪ್ಪನ ಮುಖ ನೆನೆಸಿಕೊಂಡು ಬದುಕಿದಾಳೆ. ಈಗ ಅದನ್ನೂ ಕಿತ್ಕೋತೀಯಾ?"

ಅಕ್ಕ ವಾರವಿಡೀ ಒದ್ದಾಡಿದಳು. ಕೊನೆಗೆ ಒಂದು ಮಧ್ಯಾಹ್ನ, ಅಮ್ಮ ಬಟ್ಟೆ ಮಡಿಚುತ್ತಿದ್ದಾಗ ಹೇಳಿಯೇಬಿಟ್ಟಳು. ಎಪ್ಪತ್ತೆಂಟರ ಅಮ್ಮ ಅಳಲಿಲ್ಲ, ಕೂಗಲಿಲ್ಲ. ಕೈಯಲ್ಲಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಚಿ, ಮತ್ತೆ ಬಿಚ್ಚಿ, "ಆ ಕಾಗದ ನಾನು ನೋಡ್ಬೇಕು" ಎಂದಳು.

ಮರುದಿನ ಓದುವ ಕೋಣೆಯಲ್ಲಿ ಮುಖ್ಯಸ್ಥೆ ತಾನೇ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಅಮ್ಮನಿಗೆ ಓದು ಅಷ್ಟಕ್ಕಷ್ಟೇ. ಆದರೂ ಸಹಿಯ ಬಾಲ ಕಂಡ ಕೂಡಲೇ, "ಅವರದೇ" ಎಂದಳು. ಉಳಿದದ್ದನ್ನು ಅಕ್ಕ ಓದಿ ಹೇಳಿದಳು. ಅಮ್ಮ ದಿನಾಂಕವನ್ನು ಎರಡು ಸಲ ಕೇಳಿದಳು.

"ಆವಾಗ ಮಗು ಇನ್ನೂ ಅಂಬೆಗಾಲು. ನೀರು ಕೆಟ್ಟದು ಅಂತ ಗೊತ್ತಾಗಿದ್ದಕ್ಕೇ ಇರಬೇಕು, ಆಮೇಲಾಮೇಲೆ ಅವರು ಬಾವಿ ನೀರು ಕುಡೀತಾನೇ ಇರ್ಲಿಲ್ಲ. ಕೆಲಸದ ಕಡೆಯಿಂದ ಬಾಟಲಿಯಲ್ಲಿ ನೀರು ತರ್ತಿದ್ರು, ಹೊಟ್ಟೆಗೆ ಹಿಡಿಯಲ್ಲ ಅಂತಿದ್ರು."

ಪತ್ರ ಬರೆದಾಗ ಅಪ್ಪ ಆ ಪರೀಕ್ಷೆಯನ್ನು ನಂಬಿರಲಿಲ್ಲವೆಂದಾದರೂ ಅಕ್ಕ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಈಗ ಆ ಆಸರೆಯೂ ಕುಸಿಯಿತು.

ಅಮ್ಮ ಮುಖ್ಯಸ್ಥೆಯ ಕಡೆ ತಿರುಗಿದಳು. "ಮಗಳೇ, ಇದರಲ್ಲಿ ನನ್ನ ಮಾತು ಎಲ್ಲಾದ್ರೂ ಇದೆಯಾ?"

"ಇಲ್ಲ ಅಮ್ಮಾ."

"ಹಾಗಾದ್ರೆ ಬರ್ಕೋ."

ಪೆಟ್ಟಿಗೆಯ ಕ್ರಮಕ್ಕೆ ಕೈ ಹಚ್ಚುವಂತಿರಲಿಲ್ಲ. ಮುಖ್ಯಸ್ಥೆ ಬೇರೆಯೇ ಕಡತ ತೆರೆದು, ಅಮ್ಮನ ಮಾತನ್ನು ಧ್ವನಿಮುದ್ರಣ ಮಾಡಿ, ಮೂವತ್ತೊಂದನೇ ಪೆಟ್ಟಿಗೆಯ ವಿವರದಲ್ಲಿ ಅದರ ಸಂಖ್ಯೆ ನಮೂದಿಸಿದಳು. ಅಮ್ಮ ಒಂದೂಕಾಲು ಗಂಟೆ ಮಾತಾಡಿದಳು. ಅಜ್ಜಿ ಅಂದದ್ದು, ಜನ ಅಂದದ್ದು, ತವರಿಗೆ ಹೋಗುವುದನ್ನೇ ಬಿಟ್ಟದ್ದು, ಎಲ್ಲ. ಮನೆಗೆ ಬಂದ ಮೇಲೆ ಅಪ್ಪನ ಫೋಟೋ ಇಳಿಸಲೇ ಎಂದು ಅಕ್ಕ ಕೇಳಿದಳು.

"ಇರ್ಲಿ ಬಿಡು. ಇನ್ಮೇಲೆ ಅವರೂ ನನ್ನ ಮುಖ ನೋಡ್ಕೊಂಡಿರ್ಲಿ."

ತಮ್ಮ ಎರಡು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟ. ಆಮೇಲೆ ಒಂದು ದಿನ ಸಂಸ್ಥೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಅವಳನ್ನು ಹೊರಗೆ ಕರೆಸಿದ. "ಅಪ್ಪನ ಕಾಗದ ನನಗೆ ಬೇಡ. ಉಳಿದ ಹತ್ತು ಓಣಿ ಬರೆದಿರೋ ಪುಟ ಇದೆಯಲ್ಲ, ಅದರ ಪ್ರತಿ ಕೊಡು" ಎಂದ. ಅವರ ಓಣಿಯ ಬಾವಿ ಕೊಳಾಯಿ ಬಂದ ಮೇಲೆ ಹಾಳುಬಿದ್ದಿತ್ತು. ಉಳಿದ ಕಡೆ ಏನಾಗಿದೆಯೋ ಯಾರಿಗೆ ಗೊತ್ತು? ಬೀಗ ರಿಪೇರಿಯ ನೆಪದಲ್ಲಿ ಅವನಿಗೆ ಹೋಗಲಾಗದ ಮನೆಯಿಲ್ಲ. ಏಳನೇ ಓಣಿಯಲ್ಲಿ ಜನ ಇನ್ನೂ ಬಾವಿಗೆ ಕೂರಿಸಿದ ಹಳೇ ಕೈಪಂಪಿನ ನೀರನ್ನೇ ಕುಡಿಯುತ್ತಿದ್ದರು. ಅಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅವನ ಗಾಡಿಯ ಗಂಟೆ ಬಾರಿಸಿ ಕಿಸಕ್ಕೆಂದು ನಕ್ಕಳು. ಅವಳ ಹಲ್ಲು ನೋಡಿ ಅವನು ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದ. "ಇಲ್ಲೂ ಅದೇ ಕಂದು ಕಲೆ. ನಿಮ್ಮವರಿಗೆ ಹೇಳಿ ನೀರು ಪರೀಕ್ಷೆ ಮಾಡ್ಸು" ಎಂದ.

ಸಂಸ್ಥೆಯವರು ಹೊಸದಾಗಿ ನೀರು ಪರೀಕ್ಷಿಸಿದರು. ಈ ಸಲ ಫಲಿತಾಂಶ ನಗರಸಭೆಗೂ ಪತ್ರಿಕೆಗೂ ಒಟ್ಟಿಗೇ ಹೋಯಿತು. ಹದಿನೆಂಟು ದಿನಕ್ಕೆ ಪಂಪಿನ ಹಿಡಿ ಕಿತ್ತು ಕೆಂಪು ಬಣ್ಣ ಬಳಿದರು, ಟ್ಯಾಂಕರ್ ಬಂತು. ಇದ್ದ ನೀರೂ ಹೋಯಿತೆಂದು ಕೆಲವರು ತಮ್ಮನನ್ನು ಬಾಯಿಗೆ ಬಂದಂತೆ ಬೈದರು. ಅವನು ಗಾಡಿಯಲ್ಲಿ ಕೂತೇ ಎಲ್ಲವನ್ನೂ ಕೇಳಿಸಿಕೊಂಡು, ಆ ಹುಡುಗಿಯ ಮನೆಯ ಕೊಡ ತುಂಬುವವರೆಗೂ ಅಲ್ಲೇ ಇದ್ದ.