ಟೇವಿಟಾನ ಜೊತೆ ಹೋದ ಕಾರ್ಡು

ನರ್ಸಿಂಗ್ ಕಾಲೇಜಿನ ಕಾಗದ ಬಂದ ಮರುದಿನವೇ ಲೋಸಲಿನಿ ಮಗಳು ವಿಕಾಳನ್ನು ಕರೆದುಕೊಂಡು ದ್ವೀಪದ ಆಸ್ಪತ್ರೆಗೆ ಹೋದಳು. ದಡಾರದ ಲಸಿಕೆ ಎರಡು ಸಲ ಹಾಕಿಸಿದ ದಾಖಲೆ ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದು ಕಾಗದದಲ್ಲಿತ್ತು. ಕಾಲೇಜಿರುವ ರಾಜಧಾನಿ ನುಕುಅಲೋಫಾಕ್ಕೆ ಹಡಗು ಹೊರಡುವುದು ಮುಂದಿನ ಮಂಗಳವಾರ.

ಲೋಸಲಿನಿ ಚಾಪೆ ನೇಯುವವಳು, ಓದು ಬಾರದು. ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟಿದ್ದ ಕಾರ್ಡನ್ನು ನರ್ಸಿನ ಕೈಗೆ ಕೊಟ್ಟಳು.

"ಇದು ನಿನ್ನದಾದ್ರೆ ನಿನಗಿನ್ನೂ ಒಂಬತ್ತು ವರ್ಷ ಕಣೇ," ಎಂದು ನರ್ಸು ವಿಕಾಳನ್ನು ನೋಡಿ ನಕ್ಕಳು. ಹೆಸರು ಓದಿದ ಮೇಲೆ ನಗು ನಿಂತಿತು. "ಇದು ಟೇವಿಟಾನದು."

ಟೇವಿಟಾ ವಿಕಾಳ ತಮ್ಮ. ಒಂದೂವರೆ ವರ್ಷದವನಿದ್ದಾಗ ದಡಾರದಲ್ಲಿ ಹೋದ. ಆ ದ್ವೀಪದ ರೂಢಿಯಲ್ಲಿ ಹೆಣಕ್ಕೆ ಚಾಪೆ ಸುತ್ತುವುದು, ಜೊತೆಗೆ ಏನಿಡಬೇಕೆಂದು ಹೇಳುವುದು ತಂದೆಯ ಅಕ್ಕನ ಹಕ್ಕು. ತಾಯಿ ಬಾಯಿ ಹಾಕುವಂತಿಲ್ಲ. ಗಂಡನ ಅಕ್ಕ ಫಿಫಿಟಾ ಮಗುವಿನ ಅಂಗಿ, ಗಿಲಕಿ, ಲಸಿಕೆಯ ಕಾರ್ಡು ಎಲ್ಲವನ್ನೂ ಚಾಪೆಯೊಳಗೆ ಇಟ್ಟಿದ್ದಳು. ಮಣ್ಣಿಗೆ ಹೋದದ್ದು ವಿಕಾಳ ಕಾರ್ಡು.

ಆಸ್ಪತ್ರೆಯ ಹಳೆಯ ರಿಜಿಸ್ಟರುಗಳು ಚಂಡಮಾರುತದಲ್ಲಿ ಹೋಗಿದ್ದವು.

"ಮೊದಲಿಂದ ಹಾಕ್ತೀನಿ. ಆದ್ರೆ ಎರಡನೇದಕ್ಕೆ ನಾಲ್ಕು ವಾರ ಕಾಯ್ಬೇಕು," ಎಂದಳು ನರ್ಸು.

ಕಾರ್ಡು ತೆಗೆಯಲು ಗೋರಿ ಅಗೆಯಬೇಕಾದರೂ ಫಿಫಿಟಾಳ ಮಾತೇ ಆಗಬೇಕು. ಲೋಸಲಿನಿ ಗೆಣಸಿನ ಬುಟ್ಟಿ ಹೊತ್ತು ಅವಳ ಮನೆಗೆ ಹೋಗಿ, ಬಾಗಿಲ ಬಳಿ ನೆಲದ ಮೇಲೆ ಕೂತು ವಿಷಯ ಹೇಳಿದಳು.

"ಅವತ್ತು ನಾನೇ ತಪ್ಪು ಕಾರ್ಡು ಕೊಟ್ಟೆ ಅನ್ಸುತ್ತೆ, ಅತ್ತಿಗೆ."

"ನೀನೆಲ್ಲಿ ಕೊಟ್ಟೆ? ಪೆಟ್ಟಿಗೆಗೆ ಕೈ ಹಾಕಿದ್ದು ನಾನು. ನನ್ನನ್ನ ಸಮಾಧಾನ ಮಾಡೋಕೆ ಬರಬೇಡ." ಮತ್ತೆ ಫಿಫಿಟಾಳೇ ಕೇಳಿದಳು, "ಮಣ್ಣಲ್ಲಿ ಆ ಕಾರ್ಡು ಇನ್ನೂ ಉಳಿದಿರುತ್ತಾ?"

"ಪ್ಲಾಸ್ಟಿಕ್ ಕವರಿಗೆ ಹಾಕಿದ್ರಿ."

ಫಿಫಿಟಾ ತನ್ನ ಅಂಗೈ ನೋಡಿಕೊಂಡಳು. "ನಾನು ಸುತ್ತಿದ ಚಾಪೆ ನಾನು ಬಿಚ್ಚಿಸಲ್ಲ. ಹುಡುಗಿಗೆ ಮುಂದಿನ ವರ್ಷ ಅಂತ ಒಂದಿದೆ. ಅವನಿಗೇನಿದೆ?"

ಲೋಸಲಿನಿ ಬುಟ್ಟಿ ಅಲ್ಲೇ ಬಿಟ್ಟು ಎದ್ದಳು.

ಮನೆಯಲ್ಲಿ ವಿಕಾ ಬಟ್ಟೆ ಮಡಿಸುತ್ತಿದ್ದಳು. "ಅತ್ತೆ ಏನಂದ್ರು?"

"ಬೇಡ ಅಂದ್ರು. ಕಾಲೇಜಿನವರು ಜಾಗ ಕಾದಿಡಲ್ವಾ?"

"ಆ ಸೀಟಿಗೆ ನನ್ನ ಹಿಂದೆ ಇನ್ನೂ ಹದಿನೇಳು ಜನ ಕಾಯ್ತಿದ್ದಾರಮ್ಮ." ವಿಕಾ ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಗೂಟಕ್ಕೆ ಹಾಕಿದಳು.

ಮಂಗಳವಾರ ಹಡಗು ಕೂಗಿದಾಗ ತಾಯಿ ಮಗಳು ಆಸ್ಪತ್ರೆಯ ಬೆಂಚಿನ ಮೇಲಿದ್ದರು. ನರ್ಸು ವಿಕಾಳ ತೋಳಿಗೆ ಮೊದಲನೆಯ ಸೂಜಿ ಚುಚ್ಚಿ ಹೊಸ ಕಾರ್ಡು ಬರೆದುಕೊಟ್ಟಳು. ಲೋಸಲಿನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಚಾಚಿದಳು.

"ಹೆಸರು ಇನ್ನೂ ದೊಡ್ಡದಾಗಿ ಬರೀಮ್ಮ," ಎಂದಳು.