ಬೋರ್ಡಿನಲ್ಲಿ ಓದಿದ ಸಾವು

ಪಕ್ಕದ ಮನೆಯವರು ಮಳೆ ಹಿಡಿಯುವ ಮೊದಲು ಕಟ್ಟಿಗೆ ರಾಶಿಗೆ ಹೊದಿಕೆ ಹಾಕಿದ್ದಾರೆ. ಮೊದಲೆಲ್ಲ ಇದಕ್ಕೆ ಹೆಣೆದ ತೆಂಗಿನ ಮಡಲು ಸಾಕಾಗುತ್ತಿತ್ತು. ಈಗ ಹಳೆಯ ಫ್ಲೆಕ್ಸ್ ಬೋರ್ಡು. ಇವತ್ತು ಬೆಳಿಗ್ಗೆ ಮೋಡ ಸರಿದು ಚುರುಕು ಬಿಸಿಲು ಬಿತ್ತು ನೋಡಿ, ಕಾದ ಫ್ಲೆಕ್ಸಿನ ವಾಸನೆ ನಮ್ಮ ಜಗಲಿಯವರೆಗೂ ಬಂತು. ಎದ್ದು ಹೋಗಿ ನೋಡಿದರೆ ಯಾರೋ ಯಜಮಾನರೊಬ್ಬರು ಕಟ್ಟಿಗೆಯ ಮೇಲೆ ತಲೆಕೆಳಗಾಗಿ ನಗುತ್ತಿದ್ದಾರೆ. 'ಮತ್ತೆ ಹುಟ್ಟಿ ಬನ್ನಿ' ಎಂದು ಬರೆದಿದೆ. ಅವರ ಹಣೆಯ ಮೇಲೆ ಕೋಳಿ ಕೂತು ಗಲೀಜು ಮಾಡಿದೆ. ನನಗೆ ಅವರ ಪರಿಚಯವಿಲ್ಲ. ಆದರೂ ಆ ಫ್ಲೆಕ್ಸನ್ನು ಮುಖ ಒಳಗಾಗುವಂತೆ ಮಗುಚಿ ಹಾಕಿ ಬಂದೆ. ಕಂಡವರ ಕಟ್ಟಿಗೆ ರಾಶಿಯಲ್ಲಿ ನಿಮಗೇನು ಕೆಲಸ ಎಂದು ಹೆಂಡತಿ ಕೇಳಿದಳು. ಕೆಲಸ ಇದೆ. ಈ ಬೋರ್ಡುಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ನಿಮಗೆ ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ಹೀಗೆ ಬೋರ್ಡು ಹಾಕಿ ಕೂಗುವವರನ್ನು ಬೈಯುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಬಸ್ ಕಂಡಕ್ಟರನಾಗಿದ್ದವನು. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ 'ಬೈಂದೂರ್ ಬೈಂದೂರ್ ಬೈಂದೂರ್' ಎಂದು ಗಂಟಲು ಹರಿದುಕೊಂಡೇ ಹೊಟ್ಟೆ ಹೊರೆದೆ. ಕಾಲಿಡಲು ಜಾಗವಿಲ್ಲದ ಬಸ್ಸಿಗೆ 'ಸೀಟಿತ್, ಹಿಂದೆ ಸೀಟಿತ್' ಎಂದು ಜನ ಹತ್ತಿಸಿದ್ದೇನೆ. ಅದೂ ಜಾಹೀರಾತೇ, ಅದೂ ಸುಳ್ಳೇ. ಆದರೆ ಬಸ್ಸು ಹೊರಟ ಮೇಲೆ ಕೂಗು ನಿಲ್ಲುತ್ತಿತ್ತು. ಯಾವಳೋ ಅಜ್ಜಿ ಇಳಿಯುವ ಜಾಗ ಬಂದರೆ ಬಾಗಿಲಲ್ಲಿ ನಿಂತು ಅರಚುತ್ತಿರಲಿಲ್ಲ. ಅವಳ ಸೀಟಿನವರೆಗೆ ಹೋಗಿ, ಅಜ್ಜಿ, ಮರವಂತೆ ಬಂತು, ಚೀಲ ಹಿಡಿದುಕೊ ಎನ್ನುತ್ತಿದ್ದೆ. ಕೂಗುವುದು ಬೇರೆ, ಒಬ್ಬರಿಗೆ ಹೇಳುವುದು ಬೇರೆ ಎಂಬಷ್ಟು ಬುದ್ಧಿ ಕಂಡಕ್ಟರನಿಗೂ ಇತ್ತು. ಈಗ ಊರಿಗೆ ಊರೇ ಬಸ್‌ಸ್ಟ್ಯಾಂಡ್ ಆಗಿದೆ. ಎಲ್ಲರೂ ಕೂಗುತ್ತಾರೆ. ಸೀಟಿನ ಹತ್ತಿರ ಬಂದು ಹೇಳುವವರು ಯಾರೂ ಇಲ್ಲ.

ಬೈಂದೂರಿನಲ್ಲಿ ನನಗೊಬ್ಬ ಷಡ್ಡಕನಿದ್ದಾನೆ. ವರ್ಷಗಟ್ಟಲೆ ಫೋನು ಮಾಡದವನು ಒಂದು ದಿನ ಮಾಡಿದ. ಹೇಗಿದ್ದೀರಿ, ಮಂಡಿನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದ. ನನ್ನ ಮಂಡಿಯನ್ನು ಇಷ್ಟು ಪ್ರೀತಿಯಿಂದ ಈವರೆಗೆ ಯಾರೂ ವಿಚಾರಿಸಿರಲಿಲ್ಲ. ನಾನೂ ರಾಗ ಎಳೆದು ಎಲ್ಲ ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡು ಅವನು, ಭಾವ, ನಮ್ಮಲ್ಲೊಂದು ಪುಡಿ ಉಂಟು ಎಂದ. ಆ ಪುಡಿಯ ಡಬ್ಬಿ ಈಗಲೂ ಅಟ್ಟದಲ್ಲಿ ಕೂತಿದೆ. ಆಮೇಲೆ ಯಾರಾದರೂ ನನ್ನನ್ನು ಹುಷಾರಿದ್ದೀರಾ ಎಂದು ಕೇಳಿದರೆ ನಾನು ಮೊದಲು ಅವರ ಕೈಚೀಲ ನೋಡುತ್ತೇನೆ. ಎಂಥ ಕರ್ಮ ಹೇಳಿ. ಮನುಷ್ಯ ಮನುಷ್ಯನನ್ನು ಹುಷಾರಿದ್ದೀಯಾ ಎಂದು ಕೇಳುವ ಮಾತನ್ನೂ ಇವರು ಹಾಳು ಮಾಡಿಬಿಟ್ಟರು.

ನಮ್ಮ ಕಡೆ ತನ್ನದನ್ನು ತಾನೇ ಹೊಗಳಿಕೊಳ್ಳುವುದು ನಾಚಿಕೆಗೇಡಿನ ಕೆಲಸವಾಗಿತ್ತು. ಊಟಕ್ಕೆ ಕರೆದ ಮನೆಯಾಕೆ ಕೋಳಿ ಸುಕ್ಕ, ಕಡುಬು, ಪಾಯಸ ಎಲ್ಲ ಮಾಡಿಟ್ಟು, ಎಂತ ಇಲ್ಲ ಮಾರಾಯ್ರೆ, ಬರೀ ಗಂಜಿ ಊಟ ಎನ್ನುತ್ತಿದ್ದಳು. ಅಳಿಯ ಹೇಗಿದ್ದಾನೆ ಎಂದರೆ 'ಅಡ್ಡಿಲ್ಲ' ಎಂಬ ಒಂದೇ ಮಾತು. ಅಷ್ಟು ಕೇಳಿದರೆ ಅವನು ಅಪ್ಪಟ ಚಿನ್ನ ಎಂದು ನಮಗೆ ಅರ್ಥವಾಗುತ್ತಿತ್ತು. ಈಗ ಮಗುವಿಗೆ ಹೆಸರಿಡುವುದಕ್ಕೆ ಕರೆಯುವವರೂ 'ಸಂಭ್ರಮದ ಕ್ಷಣಗಳಿಗೆ ಸಾಕ್ಷಿಯಾಗಿ' ಎಂದು ವೀಡಿಯೊ ಕಳಿಸುತ್ತಾರೆ. ನನ್ನ ಸ್ವಂತ ಅಕ್ಕನ ಮಗಳು ಕಳಿಸಿದಳು. ಸೀರೆ ಅಂಗಡಿಯ ಜಾಹೀರಾತೆಂದು ತಿಳಿದು ನಾನು ಅಳಿಸಿಬಿಟ್ಟೆ. ಹೋಗಲಿಲ್ಲ. ಈಗಲೂ ಅವಳು ನನ್ನೊಂದಿಗೆ ಮುಖ ಉಬ್ಬಿಸಿಕೊಂಡಿದ್ದಾಳೆ. ಇರಲಿ, ಇವೆಲ್ಲ ನಗಾಡಿ ಮರೆಯುವ ಸಂಗತಿಗಳು. ಮರೆಯಲಾಗದ್ದು ಶೀನನ ವಿಷಯ.

ಶೀನ ಹಂಗಾರಕಟ್ಟೆಯವನು, ನನ್ನ ಹಳೆಯ ದೋಸ್ತಿ. ತೆಂಗಿನಕಾಯಿ ವ್ಯಾಪಾರ ಅವನದು. ಸೈಕಲ್ಲಿನಲ್ಲಿ ಮನೆ ಮನೆ ತಿರುಗಿ ಕಾಯಿ ಕೊಳ್ಳುತ್ತಿದ್ದ. ಅವನ ಮೂಟೆಗಳನ್ನು ನಮ್ಮ ಬಸ್ಸಿನ ಟಾಪಿಗೆ ಹತ್ತಿಸುವಾಗ ಶುರುವಾದ ಜಗಳವೇ ಮುಂದೆ ಸ್ನೇಹವಾಯಿತು. ಬ್ರಹ್ಮಾವರ, ಬಾರ್ಕೂರು ಕಡೆಯಲ್ಲಿ ಅವನಿಗೆ ಗೊತ್ತಿಲ್ಲದ ಅಂಗಳವೇ ಇರಲಿಲ್ಲ. ಹಾಗಾಗಿ ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯವರು ಶೀನನನ್ನು ಕರೆಯುತ್ತಿದ್ದರು. ನೆಂಟರ ಮನೆಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಅವನದು. ಕಾಯಿ ಮೂಟೆಯನ್ನು ಯಾರದೋ ಅಂಗಳದಲ್ಲಿ ಬಿಟ್ಟು ಹೊರಟುಬಿಡುತ್ತಿದ್ದ. ಮನೆಗಳಿಗೆ ಫೋನು ಬಂದ ಮೇಲೂ ಹತ್ತಿರದವರಿಗೆ ಶೀನನೇ ಹೋಗಿ ಹೇಳಬೇಕಿತ್ತು.

ಹೋದ ವರ್ಷ ಮಳೆಗಾಲದ ಬಾಗಿಲಲ್ಲಿ ಒಂದು ದಿನ ಕಣ್ಣು ತೋರಿಸಲೆಂದು ಉಡುಪಿಗೆ ಹೊರಟೆ. ಬೆಳಿಗ್ಗೆ ಒಂದು ಲೋಟ ಚಾ ಕುಡಿದವನು ಬಸ್ಸು ಹತ್ತಿದ್ದೆ. ಬಸ್ಸಿನಲ್ಲಿ ಕೂತರೆ ದಾರಿಯ ಬೋರ್ಡುಗಳನ್ನೆಲ್ಲ ಓದುವುದು ನನ್ನ ಚಟ. ಕಣ್ಣು ಹಾಳಾದದ್ದು ಇದರಿಂದಲೇ ಎನ್ನುತ್ತಾಳೆ ಹೆಂಡತಿ. ಸಾಸ್ತಾನದಲ್ಲಿ ಬಸ್ಸು ನಿಂತಿತು. ಹಂಗಾರಕಟ್ಟೆಗೆ ತಿರುಗುವಲ್ಲಿ ಆಳೆತ್ತರದ ಹೊಸ ಬೋರ್ಡು. ಕೆಳಗಿನ ಸಾಲು ಮೊದಲು ಕಣ್ಣಿಗೆ ಬಿತ್ತು. 'ಮಳೆಗಾಲದ ಧಮಾಕ, ಹಾಸಿಗೆ ಕೊಂಡರೆ ದಿಂಬು ಉಚಿತ, ನೆಮ್ಮದಿಯ ನಿದ್ದೆಗೆ ಇಂದೇ ಭೇಟಿ ಕೊಡಿ.' ಹಾಗೇ ಮೇಲೆ ನೋಡಿದರೆ ಶೀನ.

ಅವನಿಗೆ ಯಾರೋ ಕೋಟು ಹಾಕಿದ್ದರು. ಅಂಗಿಯ ಮೇಲಿನ ಗುಂಡಿಯನ್ನೂ ಎಂದೂ ಹಾಕಿಕೊಳ್ಳದ ಮನುಷ್ಯ, ಕೋಟು ತೊಟ್ಟು ಮೋಡಗಳ ನಡುವೆ ನಿಂತಿದ್ದ. ಪಕ್ಕದಲ್ಲಿ ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವ ಯುವಕನೊಬ್ಬ ಹಲ್ಲು ಕಾಣಿಸುತ್ತ ಕೈಮುಗಿದಿದ್ದ. ಅವನ ಮುಖ ಶೀನನ ಮುಖಕ್ಕಿಂತ ದೊಡ್ಡದಿತ್ತು. ಶ್ರದ್ಧಾಂಜಲಿ ಎಂಬ ಅಕ್ಷರಗಳನ್ನು ಇಬ್ಬರ ನಡುವೆ ಹೇಗೋ ತುರುಕಿದ್ದರು. ಆಗ ನನಗೆ ದುಃಖವಾಗಲಿಲ್ಲ, ನಿಜ ಹೇಳುತ್ತೇನೆ. ಮೈಯೆಲ್ಲ ಉರಿಯಿತು. ಹೊರಟ ಬಸ್ಸನ್ನು ನಿಲ್ಲಿಸಿ ಇಳಿದೆ.

ಶೀನನ ಮನೆಗೆ ಹೋದರೆ ಎಲ್ಲ ಮುಗಿದು ಎರಡು ದಿನವಾಗಿತ್ತು. ಅವನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮಗ ದಿನೇಶ ಬ್ರಹ್ಮಾವರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಕೆಟ್ಟವನಲ್ಲ, ಅಪ್ಪನನ್ನು ಚೆನ್ನಾಗಿಯೇ ನೋಡಿಕೊಂಡವನು. ನನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ.

"ಎಲ್ಲಾ ಗ್ರೂಪಿಗೂ ಹಾಕಿದ್ದೆ ಮಾವ," ಎಂದ. "ಸ್ಟೇಟಸ್ಸೂ ಹಾಕಿದ್ದೆ. ನೀವ್ ಕಾಣ್ಲಿಲ್ಯಾ?"

ತಪ್ಪು ನನ್ನದೇ ಆಯಿತು. ದೋಸ್ತಿ ಸತ್ತನೋ ಬದುಕಿದ್ದಾನೋ ಎಂದು ನಾನು ದಿನಾ ಬೆಳಿಗ್ಗೆ ಎದ್ದು ಸ್ಟೇಟಸ್ಸು ನೋಡಬೇಕಿತ್ತು. ಆ ಹಾಸಿಗೆ ಅಂಗಡಿಯವರು ನಿಮಗೆ ಏನಾಗಬೇಕು ಎಂದು ಕೇಳಿದೆ. ಏನೂ ಆಗಬೇಕಿಲ್ಲ, ಕೆಳಗೆ ಅಂಗಡಿಯ ಜಾಹೀರಾತಿಗೆ ಜಾಗ ಬಿಟ್ಟರೆ ಪ್ರಿಂಟಿಂಗಿನವರು ಬೋರ್ಡನ್ನು ಪುಕ್ಕಟೆ ಮಾಡಿಕೊಡುತ್ತಾರಂತೆ, ಈಗ ಎಲ್ಲರೂ ಹಾಗೇ ಮಾಡಿಸುವುದಂತೆ. ಆಮೇಲೆ ಅವನು ಫೋನನ್ನು ನನ್ನ ಕಡೆ ತಿರುಗಿಸಿ, ಯಾರ್ಯಾರು ನೋಡಿದ್ದಾರೆ, ಯಾರ್ಯಾರು ಕೈಮುಗಿದ ಚಿತ್ರ ಹಾಕಿದ್ದಾರೆ ಎಂದು ತೋರಿಸಿದ.

"ಅಪ್ಪಂಗೆ ಒಳ್ಳೆ ರೆಸ್ಪಾನ್ಸ್ ಬಂತ್ ಮಾವ," ಎಂದ.

ಅವನ ಕಣ್ಣು ಅತ್ತು ಅತ್ತು ಬಾತುಕೊಂಡಿತ್ತು. ಅದು ಸುಳ್ಳಲ್ಲ. ಅಪ್ಪ ಸತ್ತ ದುಃಖವನ್ನು ಹೇಳಿಕೊಳ್ಳಲು ಆ ಹುಡುಗನ ಬಾಯಿಗೆ ಬಂದದ್ದು ಅಂಗಡಿ ತೆರೆದವನ ಮಾತು. ಅವನ ಮೇಲೆ ಸಿಟ್ಟು ಮಾಡಲೋ, ಅವನ ಬಾಯಿಗೆ ಆ ಮಾತು ತುರುಕಿದವರ ಮೇಲೆ ಮಾಡಲೋ ತಿಳಿಯಲಿಲ್ಲ. ಆಗ ಒಂದು ವಿಷಯ ಹೊಳೆಯಿತು.

"ಬಾರ್ಕೂರ್ ಗಿರಿಜಕ್ಕಂಗೆ ಯಾರ್ ಹೇಳೀರ್?" ಎಂದು ಕೇಳಿದೆ.

ಗಿರಿಜಕ್ಕ ಶೀನನ ದೊಡ್ಡಮ್ಮನ ಮಗಳು. ತಾಯಿಯಿಲ್ಲದ ಶೀನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಈಗ ಕಣ್ಣು ಮಂಜಾಗಿ ಬಾರ್ಕೂರಿನಲ್ಲಿ ಮಗಳ ಜೊತೆ ಇದ್ದಾರೆ. ಮಗಳು ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ. ದಿನೇಶ ಹೆಂಡತಿಯ ಮುಖ ನೋಡಿದ. ಗಿರಿಜಕ್ಕನ ಮಗಳು ಗ್ರೂಪಿನಲ್ಲಿ ಇದ್ದಾಳಲ್ಲ ಎಂದು ಅವಳೆಂದಳು. ಫೋನು ತೆಗೆದು ಹುಡುಕಿದರು. ಇರಲಿಲ್ಲ. ನೀನು ಹೇಳಿರುತ್ತಿ ಎಂದು ಅವನು, ನೀವು ಹೇಳಿರುತ್ತೀರಿ ಎಂದು ಅವಳು. ಎತ್ತಿ ಆಡಿಸಿದವರಿಗೆ ಸುದ್ದಿಯಿಲ್ಲ, ಹಾಸಿಗೆ ಕೊಳ್ಳುವವರಿಗೆಲ್ಲ ಗೊತ್ತು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನು ಇಲ್ಲಿ ಬರೆದರೆ ನಿಮಗೆ ನನ್ನ ಮೇಲಿರುವ ಅಷ್ಟಿಷ್ಟು ಗೌರವವೂ ಹೋದೀತು. ದಿನೇಶ ಪಾಪ, ಈಗಲೇ ಫೋನು ಮಾಡುತ್ತೇನೆ ಎಂದು ಬೆರಳು ಎತ್ತಿದ.

"ಬ್ಯಾಡ," ಎಂದೆ. "ನಾ ಹೋತೆ."

ಬಾರ್ಕೂರಿನ ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆ ಶುರುವಾಯಿತು. ಜೀವಮಾನವಿಡೀ ಕೂಗಿದವನು ನಾನು. ಇಂಥದ್ದನ್ನು ಒಬ್ಬರ ಎದುರು ನಿಂತು ಹೇಳಿದವನಲ್ಲ. ಶೀನ ಹೇಗೆ ಹೇಳುತ್ತಿದ್ದ ಎಂದು ನೆನಪು ಮಾಡಿಕೊಂಡೆ. ಸಾವಿನ ಸುದ್ದಿ ತಂದವನು ಜಗಲಿ ಹತ್ತುವುದಿಲ್ಲ, ನೀರು ಕೇಳುವುದಿಲ್ಲ, ಅಂಗಳದಲ್ಲೇ ನಿಲ್ಲುತ್ತಾನೆ. ಅದು ಎಲ್ಲರಿಗೂ ಗೊತ್ತಿರುವ ಕ್ರಮ. ಶೀನ ಅದಕ್ಕೆ ತನ್ನದೊಂದನ್ನು ಸೇರಿಸಿದ್ದ. ಮೊದಲು, ಊಟ ಆಯ್ತಾ ಎಂದು ಕೇಳುತ್ತಿದ್ದ. ಆಗಿಲ್ಲ ಎಂದರೆ, ಉಂಡು ಬನ್ನಿ ಎಂದು ತೆಂಗಿನ ಬುಡದಲ್ಲಿ ಕೂತು ಕಾಯುತ್ತಿದ್ದ. ಒಮ್ಮೆ ಹೇಳಿಬಿಟ್ಟರೆ ಆ ಮನೆಯಲ್ಲಿ ಅವತ್ತು ಯಾರಿಗೂ ತುತ್ತು ಇಳಿಯುವುದಿಲ್ಲ, ನನ್ನ ಸುದ್ದಿಗೆ ಅಂಥ ಅವಸರವಿಲ್ಲ ಎನ್ನುತ್ತಿದ್ದ. ಅವನು ಹಾಗೆ ಕೇಳಿದ ಕೂಡಲೇ ಕೆಲವರಿಗೆ ಗೊತ್ತಾಗಿಬಿಡುತ್ತಿತ್ತು. ಆದರೂ ಸುಮ್ಮನೆ ಒಳಗೆ ಹೋಗಿ ಎರಡು ತುತ್ತು ಉಂಡು ಬರುತ್ತಿದ್ದರಂತೆ.

ಗಿರಿಜಕ್ಕ ಜಗಲಿಯಲ್ಲಿ ಒಬ್ಬರೇ ಕೂತು ಕಸ ಗುಡಿಸುವ ಹಿಡಿಸೂಡಿಗೆ ತೆಂಗಿನ ಕಡ್ಡಿ ಕೀಸುತ್ತಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ಯಾರದು ಎಂದರು. ಹೇಳಿದೆ. ಸ್ವರದಲ್ಲೇ ಗುರುತು ಹಿಡಿದು, ಬಿಸಿಲಲ್ಲಿ ಯಾಕೆ ನಿಂತಿದ್ದಿ, ಮೇಲೆ ಬಾ ಎಂದು ಕರೆದರು. ನಾನು ಅಂಗಳದಿಂದಲೇ, ಊಟ ಆಯಿತಾ ಅಕ್ಕ ಎಂದು ಕೇಳಿದೆ. ಕೀಸುವ ಕೈ ನಿಂತಿತು.

"ಆಯ್ತ್," ಎಂದರು. ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು, "ಯಾರ್ ಹೋದ್ದ್?" ಎಂದರು.

"ಶೀನ, ಅಕ್ಕ."

ಸೆರಗಿನಿಂದ ಮುಖ ಮುಚ್ಚಿಕೊಂಡು ತುಂಬ ಹೊತ್ತು ಕೂತರು. ಕೂಗಿ ಅಳಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ಒಂದೊಂದೇ ಕೇಳಿದರು, ಯಾವಾಗ ಹೋದ, ನರಳಿದನಾ, ಬಾಯಿಗೆ ನೀರು ಬಿಟ್ಟದ್ದು ಯಾರು ಎಂದು. ನನಗೆ ಒಂದೂ ಗೊತ್ತಿರಲಿಲ್ಲ. ನೀನು ಮುಖ ಕಂಡಿಯಾ ಎಂದು ಕೇಳಿದರು. ಇಲ್ಲ ಎಂದೆ.

"ಹಂಗಾರೆ ನಿಂಗ್ ಯಾರ್ ಹೇಳ್ದ್ರ್?"

"ಯಾರೂ ಹೇಳ್ಲಿಲ್ಲ ಅಕ್ಕ. ಸಾಸ್ತಾನದಲ್ಲಿ ಬೋರ್ಡ್ ಕಂಡೆ."

ಬೋರ್ಡೆಂದರೆ ಎಂಥದ್ದು, ಅದರಲ್ಲಿ ಏನು ಬರೆದಿತ್ತು ಎಂದು ವಿಚಾರಿಸಿದರು. ಕೋಟಿನ ವಿಷಯ ಹೇಳಿದೆ. ದಿಂಬಿನ ವಿಷಯ ಹೇಳಲಿಲ್ಲ. ಅವರು ನನ್ನ ಕಡೆ ಮುಖ ತಿರುಗಿಸಿ, ಕಾಣದ ಕಣ್ಣನ್ನು ನನ್ನ ಮೇಲೆ ನೆಟ್ಟು ಕೂತರು. ನನಗೆ ಬೈಯುತ್ತಾರೆ ಎಂದುಕೊಂಡೆ.

"ನೀ ಉಂಡ್ಯಾ?" ಎಂದರು.

ಇಲ್ಲ ಎಂದೆ. ಮೇಲೆ ಬರಲು ಹೇಳಿದರು. ಸುದ್ದಿ ತಂದವನು ಹತ್ತಬಾರದಲ್ಲ ಅಕ್ಕ ಎಂದರೆ, ನಿನಗೇ ಸುದ್ದಿ ಮುಟ್ಟಿಲ್ಲ, ನೀನೆಂಥ ತಂದವನು ಎಂದರು. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ತಡವರಿಸಿ, ಬಟ್ಟಲಲ್ಲಿ ಗಂಜಿ, ಉಪ್ಪಿನಕಾಯಿ ತಂದಿಟ್ಟರು. ನಾನು ಉಂಡು ಮುಗಿಸುವವರೆಗೆ ಎದುರಿಗೇ ಕೂತಿದ್ದರು. ಕೈ ತೊಳೆದು ಬಂದ ಮೇಲೆ ನನ್ನ ಒದ್ದೆ ಕೈಯನ್ನು ಹುಡುಕಿ ಹಿಡಿದುಕೊಂಡು, ಹತ್ತಿರ ಬಗ್ಗಿದರು.

"ಮಗಾ," ಎಂದರು, "ನಮ್ ಶೀನ ಹೋದ."

ನಾನು ಅವರ ಕೈ ಬಿಡದೆ ಮಕ್ಕಳ ಹಾಗೆ ಅತ್ತೆ. ಶೀನ ಸತ್ತದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಈಗ ಯಾರಾದರೂ ಕೇಳಿದರೆ, ಬಾರ್ಕೂರಿನ ಗಿರಿಜಕ್ಕ ಹೇಳಿದರು ಎನ್ನುತ್ತೇನೆ.