ಭಾಲ್ಕಿಯಲ್ಲಿ ಒಂದು ತೊಟ್ಟಿ ಸಮುದ್ರ

ಭಾಲ್ಕಿಯಲ್ಲಿ ಸಮುದ್ರ ಸಾಕಿದ ಮೊದಲ ಮನುಷ್ಯ ನಾನೇ ಇರಬೇಕು. ಪ್ರಾಯಶಃ ಕೊನೆಯವನೂ ನಾನೇ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕುಂದಾಪುರದ ಕಡೆಯಿಂದ ವಿಜ್ಞಾನದ ಮಾಸ್ತರನಾಗಿ ನನ್ನನ್ನು ಅಲ್ಲಿಗೆ ವರ್ಗ ಮಾಡಿದರು. ಸಮುದ್ರವನ್ನೇ ನೋಡದ ಮಕ್ಕಳಿಗೆ ಅದರ ಪಾಠ ಹೇಳುವುದು ಹೇಗೆ ಎಂಬ ಚಿಂತೆಯಲ್ಲಿ ಕಡಲತೀರದ ಬಂಡೆಯ ಹೊಂಡಗಳಿಂದ ಬೆರಳುದ್ದದ ಆರು ಪಟ್ಟೆಮೀನು ಹಿಡಿದೆ. ದೋಣಿ ಕಟ್ಟುವ ಆಚಾರಿಯೊಬ್ಬರು ಮರದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆ ಅರಗು ಮೆತ್ತಿ, ಸೋರದ ತೊಟ್ಟಿಯೊಂದನ್ನು ಮಾಡಿಕೊಟ್ಟರು. ಉಪ್ಪಿನಕಾಯಿಯ ಭರಣಿಗಳಲ್ಲಿ ಸಮುದ್ರದ ನೀರು ತುಂಬಿಕೊಂಡು ನಾನೂ ನನ್ನ ಹೆಂಡತಿ ಸರಸಳೂ ಹೊರಟೆವು.

ಬಸ್ಸು, ರೈಲು, ಮತ್ತೆ ರೈಲು. ದಾರಿಯಲ್ಲಿ ಮೀನು ಬದುಕಬೇಕಾದರೆ ಭರಣಿಯ ನೀರನ್ನು ಲೋಟದಲ್ಲಿ ಎತ್ತಿ ಎತ್ತಿ ಮೇಲಿಂದ ಸುರಿಯುತ್ತಿರಬೇಕು. ನನ್ನ ಕೈ ಸೋತಾಗ ಎದುರಿಗೆ ಕೂತ ಅರಿವೆ ವ್ಯಾಪಾರಿ ಲೋಟ ಇಸಕೊಂಡರು; ಅವರು ಇಳಿದಾಗ ಒಬ್ಬ ಅಜ್ಜಿ. ಯಾರೂ ಯಾಕೆ ಎಂದು ಕೇಳಲಿಲ್ಲ. ನಮ್ಮ ದೇಶದ ರೈಲಿನಲ್ಲಿ ಯಾವ ಕೆಲಸವನ್ನಾದರೂ ಸ್ವಲ್ಪ ಹೊತ್ತು ಗಂಭೀರವಾಗಿ ಮಾಡಿದರೆ ಸಾಕು, ಪಕ್ಕದವರು ಕೈಜೋಡಿಸುತ್ತಾರೆ.

ಭಾಲ್ಕಿಯಲ್ಲಿ ಓಣಿಯವರೆಲ್ಲ ಬಂದು ತೊಟ್ಟಿಯ ನೀರಿಗೆ ಬೆರಳದ್ದಿ ನೆಕ್ಕಿದರು. "ಖರೇನೇ ಉಪ್ಪದ" ಎಂದು ತೀರ್ಪು ಕೊಟ್ಟರು. ಒಬ್ಬರು, "ಇವನ್ನ ಯಾವಾಗ ತಿಂತೀರಿ?" ಎಂದರು. ಮೀನು ತಿನ್ನುವ ಊರಿನವನು ಮೀನು ಸಾಕುತ್ತೇನೆ ಎಂದದ್ದನ್ನು ಅವರು ನಂಬಲಿಲ್ಲ. ನನ್ನ ಪುಸ್ತಕದ ಕನ್ನಡವೂ ಅವರಿಗೆ ಅಷ್ಟೇ ನಂಬಲರ್ಹವಾಗಿರಲಿಲ್ಲ.

ಎರಡು ವಾರದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಸಮುದ್ರ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅಲೆ ಗಾಳಿಯನ್ನು ನೀರಿಗೆ ಬೆರೆಸುತ್ತದೆ, ಇಳಿತ ಕೊಳೆಯನ್ನು ಒಯ್ಯುತ್ತದೆ, ತಳದ ನೀರು ಮೇಲೇರಿ ಉಸಿರಾಡಿ ಮತ್ತೆ ಇಳಿಯುತ್ತದೆ. ನಾನು ನೀರು ತಂದಿದ್ದೆ, ಉಪ್ಪು ತಂದಿದ್ದೆ, ಮೀನು ತಂದಿದ್ದೆ. ಆ ಚಲನೆಯನ್ನು ಮಾತ್ರ ತಂದಿರಲಿಲ್ಲ. ನಮ್ಮ ಮನೆಗೆ ವಿದ್ಯುತ್ ಇನ್ನೂ ಬಂದಿರಲಿಲ್ಲ. ತೂತು ಮಾಡಿದ ಮಡಕೆಯೊಂದನ್ನು ತೊಟ್ಟಿಯ ಮೇಲೆ ತೂಗುಹಾಕಿದೆ. ಮಡಕೆಯಿಂದ ತೊಟ್ಟಿಗೆ, ತೊಟ್ಟಿಯಿಂದ ರಬ್ಬರ್ ಕೊಳವೆಯಲ್ಲಿ ಕೆಳಗಿನ ಕೊಡಕ್ಕೆ, ಕೊಡದಿಂದ ನನ್ನ ಕೈಯಾರೆ ಮತ್ತೆ ಮಡಕೆಗೆ. ಈ ಯಂತ್ರದಲ್ಲಿ ಚಲಿಸುವ ಭಾಗ ಎಂದರೆ ನಾನೊಬ್ಬನೇ. ಆದರೂ ಮೂಲೆಗಳಲ್ಲಿ ಲೋಳೆ ಕಟ್ಟಿತು. ಒಂದು ಮೀನು ಸತ್ತಿತು.

ಆಗ ನಮ್ಮ ಮನೆಗೆ ಸಂಜೆ ಸಂಜೆ ಬರುತ್ತಿದ್ದವರು ಮಾಣಿಕ ಮಾಸ್ತರರು. ನಮ್ಮ ಶಾಲೆಯಲ್ಲೇ ಗಣಿತ ಹೇಳುತ್ತಿದ್ದರು, ಊರು ಮೆಹಕರ. ಉರ್ದುವಿನಲ್ಲಿ ಓದಿದವರು, ಕನ್ನಡ ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಹೊಸ ರಾಜ್ಯದಲ್ಲಿ ಕನ್ನಡ ಪರೀಕ್ಷೆ ಪಾಸಾಗದೆ ನೌಕರಿ ಉಳಿಯುವ ಭರವಸೆ ಇರಲಿಲ್ಲ. ನಾನು ಅವರಿಗೆ ಬರೆಯಲು ಕಲಿಸುತ್ತಿದ್ದೆ. ಅವರ ಪಾಠದ ಪುಸ್ತಕ ನಮ್ಮ ಮನೆಯಲ್ಲೇ ಇರುತ್ತಿತ್ತು.

ಒಂದು ಸಂಜೆ ಅವರು ಬರೆಯುವುದನ್ನು ಬಿಟ್ಟು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಜೇಬಿನ ಸೀಮೆಸುಣ್ಣದ ತುಂಡನ್ನು ಉಗುರಿನಿಂದ ಕೆರೆದು ಪುಡಿಯನ್ನು ನೀರಿಗೆ ಉದುರಿಸಿದರು. ಪುಡಿ ನಡುವೆ ಗಿರ್ರೆಂದು ತಿರುಗಿತು. ಮೂಲೆಗಳಲ್ಲಿ ನೇರ ಕೆಳಗಿಳಿದು ಸುಮ್ಮನೆ ಕೂತಿತು.

"ನೋಡ್ರಿ ಮಾಸ್ತರ್ರ, ನಟ್ಟನಡುವ ಬಿದ್ದ ನೀರು ಅಲ್ಲೇ ಆಡಿ ಹೋಗ್ಲಾಕತ್ತದ. ಮೂಲಿಗೆ ಅದರ ಸುದ್ದೀನೇ ಇಲ್ಲ."

ಮಡಕೆಯನ್ನು ಒಂದು ತುದಿಗೆ ಸರಿಸಿದರು. ತೂತಿಗೆ ಬಿದಿರಿನ ಸಣ್ಣ ಕೊಳವೆ ಸಿಕ್ಕಿಸಿ, ನೀರು ಉದ್ದನೆಯ ಗಾಜಿನ ಗುಂಟ ಓರೆಯಾಗಿ ಬೀಳುವಂತೆ ಬಾಗಿಸಿದರು. ನೀರು ಹೊರಹೋಗುವ ರಬ್ಬರ್ ಕೊಳವೆಯನ್ನು ಎದುರು ಮೂಲೆಯ ತಳಕ್ಕೆ ಇಳಿಸಿದರು. ನೋಡನೋಡುತ್ತ ಇಡೀ ತೊಟ್ಟಿಯ ನೀರು ನಿಧಾನವಾಗಿ ಮಗ್ಗುಲು ಬದಲಿಸಿತು. ಐದೂ ಮೀನುಗಳು ಹರಿವಿಗೆ ಮುಖಕೊಟ್ಟು ಸಾಲಾಗಿ ನಿಂತವು. ವಿಜ್ಞಾನದ ಮಾಸ್ತರ ನಾನು. ಬಾಯಿ ತೆರೆದುಕೊಂಡು ನಿಂತೆ.

"ಇದನ್ನೆಲ್ಲಿ ಕಲಿತಿರಿ?" ಎಂದು ಕೇಳಿದೆ.

"ಎಲ್ಲಿ ಕಲೀಬೇಕ್ರಿ? ಊರ ಬಾವಿ ನಮ್ಮ ಓಣಿಯವ್ರಿಗೆ ಇರ್ಲಿಲ್ಲ. ಹಳ್ಳದಾಗ ಉಸುಕು ತೋಡಿ ನೀರು ತರ್ಬೇಕು. ನಮ್ಮವ್ವ ಹುಲ್ಲಕಡ್ಡಿ ಹಾಕಿ ನೋಡ್ತಿದ್ಳು, ಎಲ್ಲಿ ಆಡ್ಲಾಕತ್ತದ, ಎಲ್ಲಿ ನಿಂತದ ಅಂತ. ನಿಂತ ನೀರು ತುಂಬಿ ತಂದ್ರ ಮನ್ಯಾಗ ಸಣ್ಣವು ಜಡ್ಡಿಗೆ ಬೀಳ್ತಿದ್ವು. ಇಬ್ಬರು ಹೋದ್ರು, ನನ್ನ ತಂಗಿಯರು."

ಅದನ್ನು ಅವರು ಲೆಕ್ಕದ ಉತ್ತರ ಹೇಳುವಷ್ಟೇ ಸಮಾಧಾನದಿಂದ ಹೇಳಿದರು. ಅವರ ಮನೆಯವರು ಆಗಷ್ಟೇ ಬೌದ್ಧರಾಗಿದ್ದರು.

ಅಂದಿನಿಂದ ಕೊಡ ಎತ್ತಿ ಮಡಕೆಗೆ ಸುರಿಯುವ ಕೆಲಸವನ್ನು ನಾವಿಬ್ಬರೂ ಹಂಚಿಕೊಂಡೆವು. ಬಿಸಿಲಿಗೆ ತೊಟ್ಟಿಯ ನೀರು ಇಂಗಿದರೆ ಉಪ್ಪು ಹೆಚ್ಚುತ್ತದೆ. ಅದಕ್ಕೆ ಅದೇ ಕೊಡವನ್ನು ಮನೆಯ ಮಾಲೀಕರ ಬಾವಿಗೆ ಇಳಿಸಿ ಸಿಹಿನೀರು ತಂದು ಸೇರಿಸಬೇಕಿತ್ತು. ಎಂಟು ದಿನ ಕಳೆದಿರಬೇಕು, ಮಾಲೀಕರು ನನ್ನನ್ನು ಪಡಸಾಲೆಗೆ ಕರೆದರು. ಚಹಾ ಕೊಟ್ಟರು. ಆಮೇಲೆ ಹೇಳಿದರು:

"ನಿಮ್ಮ ಮೀನು ನಿಮಗಿರ್ಲಿ ಮಾಸ್ತರ್ರ. ಖರೆ ಆ ಮನಷ್ಯಾ ಮುಟ್ಟಿದ ಕೊಡ ನಮ್ಮ ಬಾವ್ಯಾಗ ಇಳೀಬಾರ್ದು ನೋಡ್ರಿ."

ಅಸ್ಪೃಶ್ಯತೆ ಅಪರಾಧ ಎಂಬ ಕಾನೂನು ನನಗೆ ಗೊತ್ತಿತ್ತು; ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸಿದ್ದೆ. ಪಡಸಾಲೆಯಲ್ಲಿ ನನ್ನ ಬಾಯಿಂದ ಬಂದದ್ದು "ನೋಡುತ್ತೇನೆ" ಎಂಬ ಒಂದು ಮಾತು. ಮರುದಿನ ಮಾಣಿಕ ಮಾಸ್ತರರು ಕೊಡಕ್ಕೆ ಕೈ ಹಾಕಿದಾಗ ತುಂಬ ಮರ್ಯಾದೆಯಿಂದ ಹೇಳಿದೆ: "ನೀವು ಕೂತು ಬರೆಯಿರಿ ಮಾಸ್ತರೇ, ಇದನ್ನು ನಾನು ಎತ್ತುತ್ತೇನೆ." ಅವರು ಕೊಡವನ್ನು ಬಿಟ್ಟರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೂತು ಒಂದು ಪುಟ ಪೂರ್ತಿ ಬರೆದು, "ಬರ್ತೇನಿ" ಎಂದು ಎದ್ದರು. ಮರುದಿನದಿಂದ ಬರುವುದು ನಿಂತಿತು. ಶಾಲೆಯಲ್ಲಿ ನಮಸ್ಕಾರಕ್ಕೆ ನಮಸ್ಕಾರ ಇತ್ತು, ಅಷ್ಟೇ.

ಸರಸ ನಾಲ್ಕು ದಿನ ಕಾದಳು. ಐದನೆಯ ದಿನ ಕೇಳಿದಳು, "ಅವ್ರಿಗೆ ನೀವ್ ಎಂತ ಹೇಳಿದ್ರಿ?"

ಕೆಟ್ಟ ಮಾತೇನೂ ಆಡಲಿಲ್ಲವೆಂದು ಹೇಳಿ, ಮಾಲೀಕರ ಮಾತನ್ನೂ ತಿಳಿಸಿದೆ.

"ಮಾಲೀಕರಿಗೆ ಎಂತ ಹೇಳಿದ್ರಿ?"

"ಎಂತದೂ ಹೇಳ್ಲಿಲ್ಲೆ."

"ಹೌದ್, ಅದೇ" ಎಂದು ಅವಳು ಕೊಡ ಎತ್ತಿ ಮಡಕೆಗೆ ಸುರಿದಳು.

ಭಾನುವಾರ ಬಸ್ಸು ಹತ್ತಿ ಮೆಹಕರಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಭಾಷಣವನ್ನು ಸಿದ್ಧಪಡಿಸಿದೆ. ಒಳ್ಳೆಯ ಭಾಷಣ, ನಾನೇ ಎರಡು ಕಡೆ ಭಾವುಕನಾದೆ. ಮಾಣಿಕ ಮಾಸ್ತರರು ಅಂಗಳದಲ್ಲಿ ತೊಗರಿ ಹರವುತ್ತಿದ್ದರು. ಅವರ ತಾಯಿ ತಂಬಿಗೆ ತಂದಿಟ್ಟರು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲರಿಗೂ ಕಾಣುವಂತೆ ಗಟಗಟ ಕುಡಿದೆ. ಯಾರೂ ನೋಡಲಿಲ್ಲ. ತಾಯಿ ತೊಗರಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಮಾಸ್ತರೇ, ಅವತ್ತು ನಾನು…" ಎಂದು ಶುರುಮಾಡಿದೆ.

"ಪುಸ್ತಕ ತಂದೀರೇನ್ರಿ?" ಎಂದರು ಅವರು.

ತಂದಿರಲಿಲ್ಲ. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ನಾನು ನನ್ನ ತಪ್ಪನ್ನು ಹೊತ್ತು ತಂದಿದ್ದೆನೇ ಹೊರತು ಅವರ ಪುಸ್ತಕವನ್ನಲ್ಲ.

"ಮಾಫಿ ಆಮ್ಯಾಲ ಕೇಳೀರಂತ. ನೌಕರಿ ಹೋದ್ರ ಈ ಮನಿ ನಡೀಬೇಕಲ್ರಿ? ಮೊದಲ ಈ ಒತ್ತಕ್ಷರ ಹೇಳ್ರಿ, ಕೆಳಗ ಬರೀಬೇಕೋ ಮಗ್ಗುಲಿಗೋ?" ಎಂದು ಮಗಳ ಪಾಟಿ ಎಳೆದುಕೊಂಡರು. ಇಳಿಹೊತ್ತಿನವರೆಗೂ ಕಟ್ಟೆಯ ಮೇಲೆ ಕೂತು ಬರೆಸಿದೆ. ಆ 'ಆಮ್ಯಾಲ' ಮುಂದೆ ಎಂದೂ ಬರಲಿಲ್ಲ. ಅವರು ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಮಾಲೀಕರಿಗೆ, ಮಾಣಿಕ ಮಾಸ್ತರರು ಬರುತ್ತಾರೆ, ಕೊಡವನ್ನೂ ಮುಟ್ಟುತ್ತಾರೆ ಎಂದೆ. "ಹಾಂಗಾದ್ರ ಮನಿ ಖಾಲಿ ಮಾಡ್ರಿ" ಎಂದರು. ಸ್ಟೇಷನ್ನಿನ ಹಿಂದೆ ಎರಡು ಕೋಣೆ ಸಿಕ್ಕವು. ತೊಟ್ಟಿಯ ನೀರನ್ನು ಅರ್ಧ ಖಾಲಿಮಾಡಿ ತಳ್ಳುಗಾಡಿಯ ಮೇಲಿಟ್ಟು ನಾನೂ ಮಾಣಿಕ ಮಾಸ್ತರರೂ ತಳ್ಳಿದೆವು. ಕುಲುಕಾಟಕ್ಕೆ ಇನ್ನೆರಡು ಮೀನು ಸತ್ತವು. ಹೊಸ ಮನೆಗೆ ಬಾವಿ ದೂರ. ನೀರು ಹೊರುವುದು ಸರಸಳ ಪಾಲಿಗೆ ಬಂತು. ಧೈರ್ಯವಂತ ಎಂಬ ಹೆಸರು ನನ್ನ ಪಾಲಿಗೆ.

ಬೀದರಿನಲ್ಲಿ ನಡೆದ ಪರೀಕ್ಷೆಯಲ್ಲಿ ಮಾಣಿಕ ಮಾಸ್ತರರು ಪಾಸಾದರು. ಔರಾದ ತಾಲ್ಲೂಕಿನ ಠಾಣಾ ಕುಶನೂರಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಉಳಿದ ಮೂರು ಮೀನು ಆ ಮಳೆಗಾಲ, ಚಳಿಗಾಲ ದಾಟಿದವು. ನಮ್ಮ ಶಾಲೆಯ ಮಕ್ಕಳೆಲ್ಲ ತಂಡ ತಂಡವಾಗಿ ಬಂದು ನೋಡಿಹೋದರು. ಬೇಸಿಗೆಯ ಕಾವಿಗೆ ಒಂದೊಂದಾಗಿ ಮೂರೂ ಹೋದವು. ಮತ್ತೆ ತರುವ ಮನಸ್ಸಾಗಲಿಲ್ಲ. ಬಿದಿರಿನ ಕೊಳವೆಯನ್ನು ಓರೆ ಮಾಡಿದವನು ನಾನೇ ಎಂದು ಎಷ್ಟೋ ವರ್ಷ, ಎಷ್ಟೋ ಊರುಗಳಲ್ಲಿ ಹೇಳಿಕೊಂಡಿದ್ದೇನೆ. ಅದು ಸುಳ್ಳು.

ಕುಶನೂರಿಗೆ ಹೋದ ಎರಡನೆಯ ತಿಂಗಳು ಅವರು ನನಗೊಂದು ಕಾಗದ ಬರೆದರು. ಅವರ ಕೈಯ ಮೊದಲ ಕನ್ನಡ ಕಾಗದ. ಶಾಲೆಯ ವರಾಂಡದಲ್ಲಿ ಎಲ್ಲ ಮಕ್ಕಳಿಗೂ ಒಂದೇ ನೀರಿನ ಕೊಡ ಇಡಿಸಿದ್ದೇನೆ, ತುಂಬುವವನು ನಾನೇ ಎಂದು ಬರೆದಿದ್ದರು. ಊರಿನ ಕೆಲವರು ಬಂದು ಬಾಗಿಲಲ್ಲಿ ಕೂಗಾಡಿದರಂತೆ. ಮೂರು ದಿನ ಶಾಲೆಗೆ ಹೆಚ್ಚು ಮಕ್ಕಳು ಬರಲಿಲ್ಲವಂತೆ. ಕೊಡ ಇದ್ದಲ್ಲೇ ಇತ್ತಂತೆ. ನಾಲ್ಕನೆಯ ದಿನ ಬಿಸಿಲು ಜೋರಾಗಿ ಮಕ್ಕಳು ಬಂದು ಕುಡಿದರಂತೆ.

ಆ ಕಾಗದದಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು. ತಪ್ಪು ಕಂಡರೆ ಗುರುತು ಹಾಕದೆ ಬಿಟ್ಟವನಲ್ಲ ನಾನು. ಆಗಲೇ ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಮತ್ತೊಮ್ಮೆ ಮೊದಲಿಂದ ಓದಿದೆ. ಮುಚ್ಚಳ ಹಾಕಿದೆ.